ಮೀಟಿಂಗ್‌ಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತಾ, ಡಾಕ್ಟ್ರೇ?

ಪ್ರಶ್ನೆ: ನನಗೆ 43 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಮೊದಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದೆ. ಈಗ ದಿನಾ ರಾತ್ರಿ ಎರಡು ಕ್ವಾರ್ಟರ್ ಬೇಕು. ಬೆಳಿಗ್ಗೆ ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಸೊಟ್ಟಗೆ ಬರುತ್ತದೆ. ಅದಕ್ಕೇ ಸ್ಕೂಲಿಗೆ ಹೊರಡುವ ಮುಂಚೆ ಒಂದು ನೈಂಟಿ ಪ್ಯಾಕೆಟ್ ಹಾಕಿಕೊಳ್ಳುತ್ತೇನೆ. ಬಿಡಲು ಮೂರು ಸಲ ಪ್ರಯತ್ನಪಟ್ಟೆ. ಒಮ್ಮೆ ದೇವರ ಮುಂದೆ ಆಣೆ ಮಾಡಿ ನಾಲ್ಕು ತಿಂಗಳು ಬಿಟ್ಟಿದ್ದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಅಂತ ನಿಲ್ಲಿಸಿದಾಗ ಎರಡನೇ ದಿನ ಬಚ್ಚಲಲ್ಲಿ ಬಿದ್ದೆ, ಕೈಕಾಲು ಸೆಟೆದುಕೊಂಡಿತ್ತಂತೆ. ಸುಸ್ತಿಗೆ ಹೀಗಾಗಿದೆ ಅಂತ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿ ಕಳಿಸಿದರು. ಈಗ ಗೆಳೆಯನೊಬ್ಬ, ಕುಡಿತ ಬಿಡಬೇಕು ಅನ್ನುವವರು ಸೇರುವ ಎ.ಎ. ಮೀಟಿಂಗ್‌ಗೆ ಹೋಗು ಅನ್ನುತ್ತಿದ್ದಾನೆ. ಅದು ಚರ್ಚಿನವರದ್ದು, ಎಲ್ಲರ ಮುಂದೆ ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕು ಅಂತ ಕೇಳಿದ್ದೇನೆ. ಮಕ್ಕಳ ಅಪ್ಪ ಅಮ್ಮನಿಗೆ ಗೊತ್ತಾದರೆ ನನ್ನ ಗತಿಯೇನು? ನಮ್ಮೂರಲ್ಲಂತೂ ಅಂಥ ಮೀಟಿಂಗ್ ಇಲ್ಲ. ನಾದಿನಿ ಬೇರೆ, ಸಾರಿಗೆ ಬೆರೆಸುವ ಪುಡಿ ತರಿಸಿಕೊಡುತ್ತೇನೆ ಅಂತ ನನ್ನ ಹೆಂಡತಿಗೆ ಹೇಳಿದ್ದಾಳಂತೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನೀವು ಕೇಳಿದ್ದು ಮೀಟಿಂಗ್ ಬಗ್ಗೆ. ನನ್ನ ಕಣ್ಣು ನಿಂತಿದ್ದು ಬಚ್ಚಲಲ್ಲಿ ಬಿದ್ದ ಸಾಲಿನ ಮೇಲೆ. ನೀವು ಅದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡಬೇಕು.

ನೀವು ಬರೆದಿರುವ ರೀತಿ ನೋಡಿದರೆ ಅದು ಸುಸ್ತಲ್ಲ. ಕುಡಿತ ದಿಢೀರ್ ನಿಲ್ಲಿಸಿದ್ದಕ್ಕೆ ಬಂದ ಫಿಟ್ಸ್ ಇರಬೇಕು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರುವ ಅಪಾಯ ಇರುತ್ತದೆ. ಮದ್ಯ ಮಿದುಳಿಗೆ ಬ್ರೇಕ್ ಹಾಕುವ ವಸ್ತು. ವರ್ಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇದ್ದರೆ ಮಿದುಳು ಅದಕ್ಕೆ ಸರಿಯಾಗಿ ಆಕ್ಸಲರೇಟರ್ ತುಳಿಯುವುದನ್ನು ಕಲಿಯುತ್ತದೆ. ಬ್ರೇಕಿನಿಂದ ಕಾಲು ತೆಗೆದ ದಿನ ಗಾಡಿ ಎಗರುತ್ತದೆ. ಬೆಳಗಿನ ಕೈನಡುಕ, ಬೆವರು, ಎದೆ ಡವಡವ ಅನ್ನುವುದು, ನಿದ್ದೆ ಇಲ್ಲದಿರುವುದು, ಎಲ್ಲ ಅದೇ. ಪ್ಯಾಕೆಟ್ ಹಾಕಿಕೊಂಡ ಮೇಲೆ ಕೈ ನಿಲ್ಲುತ್ತದಲ್ಲ, ಅದು ಮದ್ಯದ ಗುಣ ಅಲ್ಲ. ಮದ್ಯ ಇಲ್ಲದ್ದಕ್ಕೆ ಶುರುವಾದ ತೊಂದರೆಯನ್ನು ಮದ್ಯವೇ ತಾತ್ಕಾಲಿಕವಾಗಿ ಮುಚ್ಚುತ್ತಿದೆ, ಅಷ್ಟೇ.

ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇನ್ನೂ ಕೆಟ್ಟದ್ದು ಬರಬಹುದು. ಆಸ್ಪತ್ರೆಯಲ್ಲಿ ನಮಗಿದು ಮಾಮೂಲಿ. ಕಾಲು ಮುರಿದು ಆರ್ಥೋ ವಾರ್ಡಿಗೆ ಸೇರಿದವರು ಮೂರನೇ ರಾತ್ರಿ ಎದ್ದು ಕೂತು, ಹಾಸಿಗೆ ಮೇಲೆ ಹುಳ ಹರಿದಾಡುತ್ತಿದೆ ಅಂತ ಹೊದಿಕೆ ಕೊಡವತೊಡಗುತ್ತಾರೆ. ಎಲ್ಲಿದ್ದೇನೆ, ಇದು ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಪಕ್ಕದ ಬೆಡ್ಡಿನವರನ್ನು ತಮ್ಮ ಅಂತ ಕರೆಯುತ್ತಾರೆ. ಆಗ ಮನೋವೈದ್ಯರಿಗೆ ಫೋನ್ ಬರುತ್ತದೆ. ಸೇರಿಸುವಾಗ ಮನೆಯವರು ಮರ್ಯಾದೆಗೆ ಅಂಜಿ ಕುಡಿತದ ವಿಷಯ ಹೇಳಿರುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿಯಲ್ಲಿ ಜೀವ ಹೋಗುವುದೂ ಉಂಟು.

ಹಾಗಾಗಿ ನಿಮ್ಮ ಮಟ್ಟಿಗೆ ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್. ಒಮ್ಮೆ ಫಿಟ್ಸ್ ಬಂದವರು ಮನೆಯಲ್ಲಿ ತಾವೇ ನಿಲ್ಲಿಸಲು ಹೋಗಬಾರದು. ಡಾಕ್ಟರನ್ನು ನೋಡುವವರೆಗೆ ಹಠಕ್ಕೆ ಬಿದ್ದು ಒಂದೇ ದಿನದಲ್ಲಿ ಪೂರ್ತಿ ಬಿಡಬೇಡಿ. ಮನೋವೈದ್ಯನಾಗಿ ಈ ಮಾತು ಹೇಳುವುದು ವಿಚಿತ್ರವಾಗಿ ಕೇಳಬಹುದು, ಆದರೆ ಇದೇ ಸರಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ, ಯಾವ ದಿನ ಅಂತ ಅಲ್ಲೇ ವಿಚಾರಿಸಿ. ಬೆಂಗಳೂರಿಗೆ ಬರುವಂತಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ಫಿಟ್ಸ್ ಹೇಗಿತ್ತು ಅಂತ ನೋಡಿದವರು ಅವರೇ. ದಿನಕ್ಕೆ ಎಷ್ಟು, ಬೆಳಿಗ್ಗೆ ಎಷ್ಟು ಅಂತ ಕಡಿಮೆ ಮಾಡದೆ ಹೇಳಿ. ಮಾತ್ರೆಯ ಲೆಕ್ಕ ಅದರ ಮೇಲೇ ನಿಂತಿರುತ್ತದೆ. ಡಯಾಜೆಪಾಮ್, ಲೋರಾಜೆಪಾಮ್ ಥರದ ಮಾತ್ರೆ ಕೊಟ್ಟು, ಕೆಲವು ದಿನಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತರುವಂಥದ್ದಲ್ಲ ಇದು. ಕುಡಿತದ ಜೊತೆ ಸೇರಿದರೆ ಉಸಿರಿಗೇ ಅಪಾಯ.

ಗ್ಲೂಕೋಸ್ ವಿಷಯ ಒಂದು ಮಾತು. ಬಹಳ ದಿನ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಸಾಧ್ಯತೆ ಇದೆ, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಯಾವ ಆಸ್ಪತ್ರೆಗೆ ಹೋದರೂ ‘ನಾನು ದಿನಾ ಕುಡಿಯುವವನು’ ಅಂತ ಮೊದಲೇ ಹೇಳಿಬಿಡಿ.

ಆ ಪುಡಿ ಮಾತ್ರ ಬೇಡವೇ ಬೇಡ. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಅಂತ ಗೋಡೆ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಬರುತ್ತದಲ್ಲ, ಅಂಥ ಪುಡಿಯಲ್ಲಿ ಏನಿದೆ ಅಂತ ಯಾರೂ ಹೇಳಲಾರರು. ಎಷ್ಟೋ ಮನೆಗಳಲ್ಲಿ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿ ಮಾಡಿ ಸಾರಿಗೋ ಕಾಫಿಗೋ ಹಾಕುತ್ತಾರೆ. ಆ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಗಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ, ಲಿವರ್ ಹಾಳಾಗಿದ್ದರೆ ಪ್ರಾಣಕ್ಕೇ ಸಂಚಕಾರ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಇದೇ ಔಷಧವನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿ ನಾವೂ ಕೊಡುತ್ತೇವೆ, ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕದ್ದು ಕೊಟ್ಟರೆ ಜೀವದ ಅಪಾಯದ ಜೊತೆಗೆ, ಮನೆ ಊಟದ ಮೇಲಿನ ನಂಬಿಕೆಯೂ ಹೋಗುತ್ತದೆ. ನಿಮ್ಮ ಮನೆಯವರು ಅದನ್ನು ನಿಮಗೆ ಹೇಳಿದ್ದಾರಲ್ಲ, ಅದು ಒಳ್ಳೆಯದಾಯಿತು.

ಇನ್ನು ಮೀಟಿಂಗ್. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ಊರಿನಲ್ಲಿ ಶುರುವಾಯಿತು. ಕುಡಿತ ಬಿಡಲು ಒದ್ದಾಡುತ್ತಿದ್ದ ಒಬ್ಬ ಷೇರು ವ್ಯವಹಾರದವರು, ಇನ್ನೊಬ್ಬ ಸರ್ಜನ್, ಇಬ್ಬರೇ ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಅದು ಚರ್ಚಿನ ಸಂಸ್ಥೆ ಅಲ್ಲ. ಚರ್ಚಿನ ಹಾಲ್, ಶಾಲೆಯ ಕೊಠಡಿಗಳು ಸಂಜೆ ಹೊತ್ತು ಕಡಿಮೆ ಬಾಡಿಗೆಗೆ ಸಿಗುತ್ತವೆ ಅಂತ ಅಲ್ಲಿ ಸೇರುತ್ತಾರೆ. ಮತಾಂತರ, ಬೈಬಲ್ ಪಾಠ ಯಾವುದೂ ಇಲ್ಲ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ: ಕುಡಿತ ಬಿಡಲು ಅವರು ಅನುಸರಿಸುವ 12 ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ಮೀಟಿಂಗಿನಲ್ಲಿ ಒಂದು ಪುಟ್ಟ ಪ್ರಾರ್ಥನೆಯೂ ಇರುತ್ತದೆ. ದೇವರು ಅಂದರೆ ‘ನಾವು ಅರ್ಥ ಮಾಡಿಕೊಂಡಂತೆ’ ಅಂತ ಅಲ್ಲೇ ಸೇರಿಸಿದ್ದಾರೆ. ನನ್ನ ರೋಗಿಗಳಲ್ಲಿ ಕೆಲವರು ಅಲ್ಲಿ ಮಂಜುನಾಥನನ್ನು ನೆನೆಯುತ್ತಾರೆ, ಕೆಲವರು ಗುಂಪನ್ನೇ ದೊಡ್ಡ ಶಕ್ತಿ ಅಂದುಕೊಳ್ಳುತ್ತಾರೆ, ನಾಸ್ತಿಕರೊಬ್ಬರು ಆ ಹೊತ್ತಿನಲ್ಲಿ ಸುಮ್ನೆ ಕೂತಿರುತ್ತಾರಂತೆ. ದೇವರ ಮಾತೇ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಗುಂಪಿದೆ, ಆನ್‌ಲೈನ್ ಸಿಗುತ್ತದೆ, ಆದರೆ ಹೆಚ್ಚಾಗಿ ಇಂಗ್ಲಿಷ್.

ತಪ್ಪೊಪ್ಪಿಗೆಯ ಭಯ ನಿಮಗೆ ಸಿನಿಮಾದಿಂದ ಬಂದಿರಬೇಕು. ನಡೆಯುವುದು ಹೀಗೆ. ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಒಂದು, ಒಂದೂವರೆ ಗಂಟೆ. ಆ ದಿನ ನಡೆಸಿಕೊಡುವವರೂ ಒಬ್ಬ ಸದಸ್ಯರೇ, ಡಾಕ್ಟರ್ ಇರುವುದಿಲ್ಲ. ಒಬ್ಬೊಬ್ಬರಾಗಿ ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಅಂತ ಶುರು ಮಾಡಿ ಐದು ಹತ್ತು ನಿಮಿಷ ತಮ್ಮ ಕಥೆ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಲು ಬಂದಿದ್ದೇನೆ’ ಅಂದರೆ ಮುಗಿಯಿತು. ಪೂರ್ತಿ ಹೆಸರು, ಊರು, ಕೆಲಸ ಯಾರೂ ಕೇಳುವುದಿಲ್ಲ. ಅರ್ಜಿ ಫಾರಂ ಇಲ್ಲ, ಫೀಸು ಇಲ್ಲ. ಕೊನೆಗೆ ಚಿಲ್ಲರೆ ಹಾಕಲು ಒಂದು ಡಬ್ಬಿಯೋ ಚೀಲವೋ ಸುತ್ತು ಬರುತ್ತದೆ, ಹಾಲ್ ಬಾಡಿಗೆ ಮತ್ತು ಟೀ ಖರ್ಚಿಗೆ. ಹೊಸಬರು ಹಾಕಲೇಬೇಕಿಲ್ಲ. ಸದಸ್ಯನಾಗಲು ಇರುವ ಷರತ್ತು ಒಂದೇ: ಕುಡಿತ ಬಿಡುವ ಆಸೆ ಇರಬೇಕು. ಬಿಟ್ಟಿರಬೇಕು ಅಂತಲ್ಲ, ಬಿಡುವ ಆಸೆ. ನಿಜ ಹೇಳಬೇಕೆಂದರೆ ಮುಖ್ಯವಾದ ಮಾತುಕತೆ ಮೀಟಿಂಗ್ ಮುಗಿದ ಮೇಲೆ, ಟೀ ಲೋಟ ಹಿಡಿದು ಬಾಗಿಲ ಹತ್ತಿರ ನಿಂತಾಗ ನಡೆಯುತ್ತದೆ. ಅಲ್ಲೇ ಯಾರೋ ತಮ್ಮ ಫೋನ್ ನಂಬರ್ ಕೊಡುತ್ತಾರೆ. ಅವಸರದಲ್ಲಿ ಓಡಿ ಬರಬೇಡಿ.

ಇದರಿಂದ ನಿಜಕ್ಕೂ ಪ್ರಯೋಜನ ಇದೆಯಾ? ಡಾಕ್ಟರುಗಳಿಗೇ ಬಹಳ ಕಾಲ ಅನುಮಾನ ಇತ್ತು. 2020ರಲ್ಲಿ, ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಎ.ಎ. ಕಡೆಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟವರು ಸುಮಾರು 42 ಪರ್ಸೆಂಟ್, ಬೇರೆ ಚಿಕಿತ್ಸೆ ಪಡೆದವರಲ್ಲಿ 35. ಪವಾಡ ಏನಲ್ಲ. ಆದರೆ ಕಾಸು ಖರ್ಚಿಲ್ಲದ್ದಕ್ಕೆ ಇಷ್ಟು ಫಲ ಸಿಗುವುದು ನಮ್ಮ ಕ್ಷೇತ್ರದಲ್ಲಿ ಅಪರೂಪ. ಉಪಯೋಗ ಆಗುವುದು ಹೇಗೆ ಅಂತ ನೋಡಿದಾಗ ಮುಂದೆ ಬಂದ ಕಾರಣ ಭಾಷಣವೂ ಅಲ್ಲ, ಭಕ್ತಿಯೂ ಅಲ್ಲ. ಮನುಷ್ಯನ ಸ್ನೇಹವಲಯ ಬದಲಾಗುವುದು.

ನಿಮ್ಮದೇ ಸಂಜೆಯನ್ನು ತೆಗೆದುಕೊಳ್ಳಿ. ಏಳು ಗಂಟೆಗೆ ಯಾರ ಫೋನ್ ಬರುತ್ತದೆ? ಎಂ.ಆರ್.ಪಿ. ಅಂಗಡಿ ಮುಂದೆ ಯಾರು ಸಿಗುತ್ತಾರೆ? ಸಂಬಳದ ದಿನ, ಮದುವೆ ಬೀಗರೂಟ, ಎಲೆಕ್ಷನ್ ಡ್ಯೂಟಿ ಮುಗಿದ ರಾತ್ರಿ, ಎಲ್ಲಕ್ಕೂ ಜೊತೆಗಾರರು ಇದ್ದೇ ಇರುತ್ತಾರೆ. ಆಣೆ ಮಾಡಿದಾಗ ನೀವು ಬಿಟ್ಟಿದ್ದು ಕುಡಿತವನ್ನು. ಆ ಏಳು ಗಂಟೆ ಹಾಗೇ ಖಾಲಿ ಉಳಿಯಿತು. ನಾಲ್ಕು ತಿಂಗಳು ತಡೆದಿರಿ, ಅದೇ ದೊಡ್ಡದು. ಆಣೆಯ ಇನ್ನೊಂದು ತೊಂದರೆ ಅಂದರೆ, ಮುರಿದ ದಿನ ತಪ್ಪಿತಸ್ಥ ಭಾವ ಎಷ್ಟು ಜೋರಾಗಿರುತ್ತದೆಂದರೆ ಅದನ್ನು ಮರೆಯಲು ಇನ್ನೊಂದು ಕ್ವಾರ್ಟರ್ ಬೇಕಾಗುತ್ತದೆ. ಗುಂಪಿನವರು ಜೀವಮಾನದ ಮಾತೇ ಎತ್ತುವುದಿಲ್ಲ. ಇವತ್ತೊಂದು ದಿನ, 24 ಗಂಟೆ, ಅಷ್ಟೇ ಅವರ ಲೆಕ್ಕ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಯಾರಾದರೂ ನೋಡಿದರೆ? ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕುಡಿಯುತ್ತೀರಿ ಅನ್ನುವುದು ನಿಮ್ಮೂರಿಗೆ ಗೊತ್ತಿದೆ. ಪ್ಯಾಕೆಟ್ ಕೊಡುವ ಅಂಗಡಿಯವನಿಗೆ ಗೊತ್ತು, ಮುಂದಿನ ಬೆಂಚಿನ ಹುಡುಗರಿಗೆ ವಾಸನೆ ಗೊತ್ತು, ಸ್ಟಾಫ್ ರೂಮಿಗೆ ಗೊತ್ತು. ಊರಿಗೆ ಗೊತ್ತಿಲ್ಲದ್ದು ನೀವು ಬಿಡಲು ಹೊರಟಿದ್ದೀರಿ ಅನ್ನುವುದು ಮಾತ್ರ. ಬಾರಿನಿಂದ ಹೊರಗೆ ಬರುವಾಗ ಇಲ್ಲದ ನಾಚಿಕೆ ಚಿಕಿತ್ಸೆಗೆ ಹೋಗುವಾಗ ಬರುತ್ತದೆ. ಇದು ನಿಮ್ಮೊಬ್ಬರ ಕಥೆ ಅಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿದ ದೇಶದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಮೀಟಿಂಗಿನಲ್ಲಿ ಪರಿಚಯದವರು ಸಿಗಲಾರರು ಅಂತ ನಾನು ಭರವಸೆ ಕೊಡಲಾರೆ. ಸಿಗಬಹುದು. ಆದರೆ ಅಲ್ಲಿ ಕೂತವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ನಿಮ್ಮ ಗುಟ್ಟು ಬಿಟ್ಟರೆ ಅವರ ಗುಟ್ಟೂ ಹೋಗುತ್ತದೆ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಅನ್ನುವುದು ಗುಂಪಿನ ಗಟ್ಟಿ ನಿಯಮ. ಹಾಗಂತ ಅದು ಕಾನೂನಲ್ಲ, ಅಪರೂಪಕ್ಕೆ ಯಾರೋ ಬಾಯಿ ಬಿಡುವುದು ಇದ್ದೇ ಇದೆ. ಆದ್ದರಿಂದ ಮೊದಲ ಕೆಲವು ತಿಂಗಳು ಹಣದ ವ್ಯವಹಾರ, ನೌಕರಿಯ ತಾಪತ್ರಯದ ವಿವರ ಅಲ್ಲಿ ಬಿಚ್ಚಬೇಡಿ. ಕುಡಿತದ ಬಗ್ಗೆ ಮಾತ್ರ ಮಾತಾಡಿ. ಫೋನ್ ಮಾಡುವಾಗ ಓಪನ್ ಮೀಟಿಂಗಾ ಕ್ಲೋಸ್ಡ್ ಮೀಟಿಂಗಾ ಅಂತ ಕೇಳಿ. ಓಪನ್‌ಗೆ ಮನೆಯವರು, ವಿದ್ಯಾರ್ಥಿಗಳು, ಆಸಕ್ತರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ನಿಮ್ಮಂಥವರಿಗೆ ಎರಡನೆಯದೇ ನೆಮ್ಮದಿ. ಆಸ್ಪತ್ರೆಯ ಗುಟ್ಟಿಗಂತೂ ಕಾನೂನಿನ ರಕ್ಷಣೆಯೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಮಾಹಿತಿ ಗೋಪ್ಯವಾಗಿರಬೇಕು ಅಂತ ಸ್ಪಷ್ಟವಾಗಿದೆ. ಹೆಡ್‌ಮಾಸ್ಟರ್ ಫೋನ್ ಮಾಡಿ ಕೇಳಿದರೂ ನಾವು ಹೇಳುವಂತಿಲ್ಲ.

ಊರಲ್ಲಿ ಮೀಟಿಂಗ್ ಇಲ್ಲ ಅನ್ನುವುದು ನಿಜವಾದ ತೊಡಕು. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಗುಂಪುಗಳಿವೆ. ವಿಚಾರಿಸುವಾಗ ಭಾಷೆ ಯಾವುದು ಅಂತಲೂ ಕೇಳಿ, ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು ಗುಂಪುಗಳೂ ಇವೆ. ನಿಮ್ಮ ಹತ್ತಿರ ಯಾವುದಿದೆ ಅಂತ ತಿಳಿಯಲು ಸುಲಭದ ದಾರಿ ಆಸ್ಪತ್ರೆಯ ಸೋಷಿಯಲ್ ವರ್ಕರ್. ಅವರ ಬಳಿ ಹಳೆಯ ಸದಸ್ಯರ ನಂಬರ್ ಇರುತ್ತದೆ, ಎಷ್ಟೋ ಸಲ ಅವರೇ ಫೋನ್ ಹಚ್ಚಿ ಮಾತಾಡಿಸುತ್ತಾರೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮನಸ್ 14416. ಎರಡೂ ಉಚಿತ. ಟೆಲಿಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ವಾರವಾರ ಮೈಸೂರಿಗೆ ಬಸ್ಸು ಹತ್ತಿ ಹೋಗಿ ಅಂತ ನಾನು ಹೇಳುವುದಿಲ್ಲ. ಯಾರಿಂದಲೂ ಆಗುವ ಕೆಲಸ ಅಲ್ಲ. ಮೊದಲೆರಡು ಸಲ ಎದುರಾಎದುರು ಹೋಗಿ, ನಾಲ್ಕು ಮುಖ ಪರಿಚಯ ಮಾಡಿಕೊಳ್ಳಿ. ನಡುವಿನ ವಾರಗಳಲ್ಲಿ ಆನ್‌ಲೈನ್ ಮೀಟಿಂಗ್ ಸೇರಿಕೊಳ್ಳಿ. ಕೋವಿಡ್ ಕಾಲದಲ್ಲಿ ಇವು ಜಾಸ್ತಿಯಾದವು, ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಮ್ಮವರಿಗೂ ಇದೇ ಆಸರೆ. ಕ್ಯಾಮೆರಾ ಆಫ್ ಮಾಡಿಕೊಂಡು ಕೇಳಬಹುದು. ಆದರೆ ಆರು ತಿಂಗಳು ಬರೀ ಕ್ಯಾಮೆರಾ ಆಫ್ ಮಾಡಿಕೊಂಡೇ ಕೂತವರಿಗೆ ಅಂಥ ಲಾಭ ಆಗಿದ್ದನ್ನು ನಾನು ಕಂಡಿಲ್ಲ. ಏಳು ಗಂಟೆಗೆ ಫೋನ್ ಮಾಡಲು ಒಬ್ಬ ಮನುಷ್ಯ ಬೇಕು.

ಇನ್ನೊಂದು ದಾರಿ ನಮ್ಮ ನಾಡಿನದ್ದೇ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಸಾಮಾನ್ಯವಾಗಿ 8 ದಿನ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಆಮೇಲೂ ಸೇರುತ್ತಾರೆ. ತಾಲ್ಲೂಕು ಊರುಗಳಿಗೆ ಇದು ಹತ್ತಿರವಾಗುತ್ತದೆ, ಮನೆಯವರನ್ನೂ ಒಳಗೆ ಕರೆಯುತ್ತಾರೆ. ಆದರೆ ಅಲ್ಲಿ ಗುಟ್ಟು ಉಳಿಯುವುದು ಕಷ್ಟ, ಸಮಾರೋಪ ಊರ ಮುಂದೆಯೇ ನಡೆಯುತ್ತದೆ. ನಿಮ್ಮಂತೆ ಫಿಟ್ಸ್ ಬಂದವರು ಅದನ್ನು ಮೊದಲೇ ತಿಳಿಸಿ, ಡಾಕ್ಟರ್ ಒಪ್ಪಿದ ಮೇಲೇ ಸೇರಬೇಕು. ನನ್ನ ಅನುಭವದಲ್ಲಿ ಶಿಬಿರದ 8 ದಿನಕ್ಕಿಂತ ಆಮೇಲಿನ ಸಮಿತಿ ಸಭೆಗಳೇ ಮನುಷ್ಯನನ್ನು ಹಿಡಿದು ನಿಲ್ಲಿಸುವುದು. ಶಿಬಿರ ಮುಗಿಸಿ ಸಭೆಗೆ ಹೋಗದವರು ಒಂದು ಹಬ್ಬ ದಾಟುವುದೂ ಕಷ್ಟ.

ತಿಂಗಳುಗಟ್ಟಲೆ ಕೂಡಿಹಾಕುವ ಖಾಸಗಿ ಕೇಂದ್ರಗಳ ಮಾತು ಯಾರಾದರೂ ಎತ್ತಬಹುದು. ರಾತ್ರಿ ಬಂದು ಎತ್ತಿಕೊಂಡು ಹೋಗುತ್ತೇವೆ ಅನ್ನುವವರ ಹತ್ತಿರ ಸುಳಿಯಬೇಡಿ. ನೋಂದಣಿ ಇದೆಯಾ, ಮನೋವೈದ್ಯರು ದಿನಾ ಬರುತ್ತಾರಾ, ಮನೆಯವರು ನೋಡಲು ಹೋಗಬಹುದಾ ಅಂತ ಕೇಳಿದರೆ ಅರ್ಧ ಸತ್ಯ ಅಲ್ಲೇ ಹೊರಬೀಳುತ್ತದೆ.

ಗುಂಪು ಅಂದ ಮೇಲೆ ಎಲ್ಲ ಥರದ ಜನ. ಒಂದು ಮೀಟಿಂಗ್ ಹಿಡಿಸಲಿಲ್ಲ ಅಂತ ಕೈಬಿಡಬೇಡಿ, ಇನ್ನೊಂದು ಗುಂಪು ನೋಡಿ. ಯಾರಾದರೂ ಸಾಲ ಕೇಳಿದರೆ ನಕ್ಕು ಸುಮ್ಮನಾಗಿ. ‘ಮಾತ್ರೆ ಎಲ್ಲ ಬಿಸಾಕು, ಮಾತ್ರೆ ತಿಂದರೆ ಅದೂ ಕುಡಿತವೇ’ ಅನ್ನುವವರು ಒಬ್ಬಿಬ್ಬರು ಸಿಗಬಹುದು. ಅದು ಗುಂಪಿನ ನಿಲುವಲ್ಲ, ಅವರ ಸ್ವಂತ ಅಭಿಪ್ರಾಯ. ಸದಸ್ಯರು ಡಾಕ್ಟರಗಿರಿ ಮಾಡಬಾರದು ಅಂತ ಎ.ಎ.ಯೇ ಹೇಳುತ್ತದೆ. ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಅಂಥ ಔಷಧಗಳಿವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ನಿಮ್ಮ ಡಾಕ್ಟರು ಆರಿಸುತ್ತಾರೆ. ಮಾತ್ರೆ ಮತ್ತು ಮೀಟಿಂಗ್ ಎರಡೂ ಜೊತೆಗೆ ನಡೆಯಲಿ.

ನಿಮ್ಮ ಮನೆಯವರಿಗೂ ಒಂದು ಗುಂಪಿದೆ. ಅಲ್-ಅನಾನ್ ಅಂತ, 1951ರಿಂದ ನಡೆಯುತ್ತಿದೆ. ಕುಡಿಯುವವರ ಹೆಂಡತಿ, ಗಂಡ, ತಂದೆತಾಯಿ ಅಲ್ಲಿ ಸೇರುತ್ತಾರೆ. ಬಾಟಲಿ ಹುಡುಕಿ ಚೆಲ್ಲುವುದು, ಸ್ಕೂಲಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳುವುದು, ರಾತ್ರಿಯಿಡೀ ಬಾಗಿಲು ಕಾಯುವುದು, ಇದರಲ್ಲೇ ಅವರ ಆರೋಗ್ಯವೂ ಕೆಟ್ಟಿರುತ್ತದೆ. ನೀವು ಬಿಟ್ಟರೂ ಬಿಡದಿದ್ದರೂ ಅವರಿಗೆ ಅದು ಬೇಕು. ನಿಮ್ಮ ಜೊತೆ ಕ್ಲೋಸ್ಡ್ ಮೀಟಿಂಗಿಗೆ ಬಂದು ಪಕ್ಕದಲ್ಲಿ ಕೂರುವುದು ಮಾತ್ರ ಬೇಡ. ಅವರ ಮುಂದೆ ನೀವು ಬಾಯಿ ಬಿಡಲಾರಿರಿ.

ಕೊನೆಯದಾಗಿ, ಇಷ್ಟೆಲ್ಲ ಮಾಡಿಯೂ ಒಂದು ದಿನ ಮತ್ತೆ ಕುಡಿದುಬಿಟ್ಟರೆ? ಬಹಳ ಜನರಿಗೆ ಆಗುತ್ತದೆ. ಒಂದು ಸಂಜೆಯದ್ದಾದರೆ ಅದೇ ದಿನ ಅಥವಾ ಮರುದಿನ ನಂಬರ್ ಕೊಟ್ಟವರಿಗೆ ಫೋನ್ ಮಾಡಿ, ಮೀಟಿಂಗಿಗೆ ಹೋಗಿ. ಯಾರೂ ಆಚೆ ಹೋಗು ಅನ್ನುವುದಿಲ್ಲ, ಆ ಕುರ್ಚಿಗಳಲ್ಲಿ ಕೂತ ಬಹುಪಾಲು ಜನ ಹಾಗೆ ಬಿದ್ದು ಎದ್ದವರೇ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದಾಗ ಕುಡಿದಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ನಡೆಯಿರಿ. ವಾರಗಟ್ಟಲೆ ಮತ್ತೆ ದಿನಾ ಶುರುವಾಗಿದ್ದರೆ ಈ ಸಲವೂ ನೀವಾಗಿ ನಿಲ್ಲಿಸಬೇಡಿ. ಮೊದಲು ಡಾಕ್ಟರ ಹತ್ತಿರ ಬನ್ನಿ.